ಓದುಗರ ಪ್ರಶ್ನೆ: ಮಟೀರಿಯಲ್ಸ್ ಸೈನ್ಸ್ ಅಂದ್ರ ಸಿಮೆಂಟ್ ಚೆಕ್ ಮಾಡೂದೇನ್ರಿ?

ಪ್ರಶ್ನೆ: ಮಗಳು ಬಾಗಲಕೋಟ್ಯಾಗ ಬಿ.ಎಸ್ಸಿ ಕೊನೇ ವರ್ಷ ಓದಾಕತ್ತಾಳ್ರಿ. ಸಿ.ಎನ್.ಆರ್. ರಾವ್ ಅವರಂಗ ಮಟೀರಿಯಲ್ಸ್ ಸೈನ್ಸ್ ಪ್ರೊಫೆಸರ್ ಆಗ್ತೀನಿ ಅಂತ ಹಠ ಹಿಡದಾಳ. ಅಕೀ ಕಾಕಾ 'ಅದೇನ್ ಸಿಮೆಂಟ್ ಚೆಕ್ ಮಾಡೂ ಕೆಲಸಾನೋ ಏನೋ, ಸುಮ್ನ ಬಿ.ಎಡ್ ಮಾಡಸ್ರಿ' ಅಂತಾರ. ಖರೇ ಏನ್ರಿ ಆ ಕೆಲಸ?
- ಒಬ್ಬ ತಾಯಿ, ಮುಧೋಳ

ಉತ್ತರ: ಅಕ್ಕಾರ, ಕಾಕಾ ಹೇಳಿದ್ದು ಪೂರಾ ಸುಳ್ಳಲ್ಲ, ಸಿಮೆಂಟೂ ಇದರಾಗ ಬರ್ತೈತಿ. ಆದ್ರ ಚೆಕ್ ಮಾಡೂದಲ್ಲ, ಅದು ಯಾಕ ಗಟ್ಟಿ ಆಗ್ತೈತಿ ಅಂತ ಹುಡುಕೂದು. ನಿಮ್ಮ ಕಡೆ ಗಾಣದ ಮನ್ಯಾಗ ನೋಡೇ ಇರ್ತೀರಿ, ಅದೇ ಕಬ್ಬಿನ ಹಾಲು, ಪಾಕ ಇಳಸೂದು ಒಂಚೂರು ಹಿಂದಮುಂದ ಆತಂದ್ರ ಬೆಲ್ಲ ಅಚ್ಚಿನಾಗ ನಿಲ್ಲಂಗಿಲ್ಲ. ಸಾಮಾನು ಒಂದ, ಮಾಡೂ ರೀತಿ ಬದಲಾದ್ರ ಗುಣಾನೂ ಬದಲು. ಅದು ಯಾಕ ಅಂತ ಬೆನ್ನು ಹತ್ತೂದ ಈ ಮಂದಿ ಕೆಲಸ.

ರಾವ್ ಅವರು 1951ರಾಗ ಮೈಸೂರು ಯುನಿವರ್ಸಿಟಿ ಬಿ.ಎಸ್ಸಿ, ಆಮ್ಯಾಲೆ ಬನಾರಸದಾಗ ಎಂ.ಎಸ್ಸಿ, ಅಮೆರಿಕಾದ ಪರ್ಡ್ಯೂದಾಗ 1958ಕ್ಕ ಪಿಎಚ್.ಡಿ ಮುಗಿಸಿ, ಅಲ್ಲೇ ಕುಂಡ್ರದ 1959ಕ್ಕ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ (ಅದ ಐಐಎಸ್‌ಸಿ) ಲೆಕ್ಚರರ್ ಆಗಿ ಬಂದ್ರು, 1963ಕ್ಕ ಕಾನ್ಪುರ ಐಐಟಿ, 1976ಕ್ಕ ಮತ್ತ ಬೆಂಗಳೂರು, 1984ರಿಂದ ಹತ್ತು ವರ್ಷ ಅಲ್ಲೇ ಡೈರೆಕ್ಟರ್. ಬೆಂಗಳೂರಿನ ಜಕ್ಕೂರಿನಾಗ ನೆಹರೂ ಸೆಂಟರ್ ಅನ್ನೂ ಸಂಶೋಧನಾ ಸಂಸ್ಥೆ ಶುರು ಆಗಿದ್ದು 1989ಕ್ಕ, ಅದನ್ನ ಕಟ್ಟಿದವರೂ ಇವರ. ಭಾರತರತ್ನ ಬಂದದ್ದು ಎಲ್ಲಾರಿಗೂ ಗೊತ್ತೈತಿ ಬಿಡ್ರಿ, ಆ ವರ್ಷ ತೆಂಡೂಲ್ಕರಗೂ ಬಂತು, ಪೇಪರಿನಾಗ ಯಾರ ಫೋಟೋ ದೊಡ್ಡದಿತ್ತು ಅಂತ ನಾ ಹೇಳೂದು ಬ್ಯಾಡ.

ಇವರ ಸಂಶೋಧನೆ ಹೆಚ್ಚಾಗಿ ಲೋಹದ ಆಕ್ಸೈಡುಗಳ ಮ್ಯಾಲ, ಅಂದ್ರ ಲೋಹ, ಆಕ್ಸಿಜನ್ ಕೂಡಿ ಆದ ವಸ್ತುಗಳ ಮ್ಯಾಲ. 1986–87ರಾಗ ಸೂಪರ್ ಕಂಡಕ್ಟರ್ (ಥಂಡ್ಯಾಗ ಕರೆಂಟಿಗೆ ಅಡ್ಡ ಬರದ ವಸ್ತು) ಹುಚ್ಚು ಜಗತ್ತಿಗೆಲ್ಲಾ ಹಿಡದಾಗ ಇವರ ಟೀಮೂ ಅದರಾಗ ಮುಂದಿತ್ತು. ಇಟ್ರಿಯಂ ಆಕ್ಸೈಡ್, ಬೇರಿಯಂ ಕಾರ್ಬೋನೇಟ್, ತಾಮ್ರದ ಆಕ್ಸೈಡ್ ಪುಡಿ ಕೂಡಿಸಿ ಅರದು, ಬಿಲ್ಲೆ ಒತ್ತಿ, 900 ಡಿಗ್ರಿ ಮ್ಯಾಲ ಭಟ್ಟಿಯಾಗ ಸುಟ್ಟ್ರ ಕರ್ರಗ ಒಂದು ಬಿಲ್ಲೆ ಆಗ್ತೈತಿ. ಆಕ್ಸಿಜನ್ ಹರಿಸಿ ನಿಧಾನ ಆರಿಸಿದ್ರ ಅದು ಲಿಕ್ವಿಡ್ ನೈಟ್ರೋಜನ್ನಿನ ಥಂಡ್ಯಾಗ ಕರೆಂಟಿಗೆ ಒಂದಿಷ್ಟೂ ಅಡ್ಡ ಬರಂಗಿಲ್ಲ, ಮ್ಯಾಲ ಮ್ಯಾಗ್ನೆಟ್ ಇಟ್ರ ತೇಲ್ತೈತಿ. ಅದ ಬಿಲ್ಲ್ಯಾಗ ಆಕ್ಸಿಜನ್ ಭಾಳ ಕಡಿಮಿ ಬಿತ್ತಂದ್ರ ಕರೆಂಟೇ ಹರಿಯಂಗಿಲ್ಲ, ಕಣ್ಣಿಗೆ ಮಾತ್ರ ಎರಡೂ ಬಿಲ್ಲೆ ಹೆಚ್ಚುಕಡಿಮಿ ಒಂದ ಥರ ಕಾಣ್ತಾವ. ಎಕ್ಸ್‌ರೇ ಬಿಟ್ಟು ಒಳಗ ಪರಮಾಣು ಹೆಂಗ ಕುಂತಾವ ಅಂತ ನೋಡಬೇಕು.

ಮಗಳಿಗೆ ಜಾಮ್ (ಬಿ.ಎಸ್ಸಿ ಆದವರು ಐಐಟಿಯಂಥಾ ಕಡೆ ಎಂ.ಎಸ್ಸಿ ಸೇರಾಕ ಬರಿಯೂ) ಪರೀಕ್ಷೆ ಬರಿಯಾಕ ಹೇಳ್ರಿ. ಜಕ್ಕೂರಿನಾಗ ಬಿ.ಎಸ್ಸಿ ಆದವರಿಗೆ ಎಂ.ಎಸ್, ಪಿಎಚ್.ಡಿ ಕೂಡಿಸಿ ಮಾಡೂ ಕೋರ್ಸ್ ಐತಿ, ಮಟೀರಿಯಲ್ಸ್ ಸೈನ್ಸಿನಾಗ. ಇಂಟರ್‌ವ್ಯೂದಾಗ ಬಾಯಿಪಾಠ ನಡಿಯಂಗಿಲ್ಲ.

ಪ್ರಶ್ನೆ: ಬೆಳಗಾವಿ ಉದ್ಯಮಬಾಗದ ಫೌಂಡ್ರ್ಯಾಗ ಇದ್ದೀನ್ರಿ. ಈ ಪ್ರೊಫೆಸರುಗಳ ಪೇಪರಿನಿಂದ ನಮಗೇನ್ ಉಪಯೋಗ?

ಉತ್ತರ: ನೀವು ಎಸ್‌ಜಿ ಐರನ್ (ಲಗೂ ಮುರಿಯದ ಬೀಡು ಕಬ್ಬಿಣ) ಮಾಡ್ತೀರಲ್ಲ ತಮ್ಮಾ, ಕರಗಿದ ಕಬ್ಬಿಣದ ಲೇಡಲ್‌ನ್ಯಾಗ ಮೆಗ್ನೀಷಿಯಂ ಹಾಕೂದು ಇಂಥಾದ ಸಂಶೋಧನೆಯ ಫಲ. 1940ರ ದಶಕದಾಗ ಅಮೆರಿಕಾದ ಒಂದು ಕಂಪನಿ ಲ್ಯಾಬಿನಾಗ ಸಿಕ್ಕಿದ್ದು. ಸಾದಾ ಬೀಡಿನಾಗ ಗ್ರಾಫೈಟ್ (ಇಂಗಾಲ) ಚಕ್ಕಿ ಚಕ್ಕಿ ಇರ್ತೈತಿ, ಅಲ್ಲಿಂದಾನ ಬಿರುಕು ಬಿಡೂದು. ನೂರು ಕೆಜಿಯಾಗ ಮೂರ್ನಾಲ್ಕು ತೊಲಿ ಮೆಗ್ನೀಷಿಯಂ ಉಳಿದ್ರ ಸಾಕು, ಗ್ರಾಫೈಟ್ ಗುಂಡು ಗುಂಡಾಗಿ ಕುಂಡ್ರತೈತಿ, ಬೀಡು ಬಾಗಿದ್ರೂ ಲಗೂ ಮುರಿಯಂಗಿಲ್ಲ. ಆದ್ರ ಹೊತ್ತು ಹೋದಂಗ ಮೆಗ್ನೀಷಿಯಂ ಸುಟ್ಟು ಹೋಗ್ತೈತಿ, ನಿಮ್ಮ ಸೂಪರ್‌ವೈಜರ್ ಮೆಟಲ್ ಹೊಯ್ಯಾಕ ಲಗೂ ಲಗೂ ಅಂತ ಒದರೂದು ಅದಕ್ಕ.

ಪ್ರಶ್ನೆ: ಇಷ್ಟು ವರ್ಷ ಓದಿದ್ರ ಹೊಟ್ಟಿಗೇನ್ರಿ? - ವಿಜಯಪುರ

ಉತ್ತರ: ಪಿಎಚ್.ಡಿ ಓದೂ ಮುಂದ ಜೆಆರ್‌ಎಫ್ (ಸರ್ಕಾರ ಕೊಡೂ ಸಂಶೋಧನಾ ಫೆಲೋಶಿಪ್) ಸಿಕ್ರ ತಿಂಗಳಿಗೆ 37,000, ಎರಡು ವರ್ಷ ಆದಮ್ಯಾಲ 42,000, ಹಾಸ್ಟೆಲ್ ಇಲ್ಲಂದ್ರ ಮನಿ ಬಾಡಿಗಿ ಬ್ಯಾರೆ. 2023ರಾಗ ಏರಿಸಿದ ರೇಟು ಇದು. ದುಡ್ಡು ತಡ ಆಗಿ ಬರೂದೂ ಐತಿ, ಅದಕ್ಕ ಕೈಯಾಗ ಸ್ವಲ್ಪ ಇಟ್ಕೊಂಡ ಹೋಗ್ರಿ. ಪರ್ಮನೆಂಟ್ ಪ್ರೊಫೆಸರ್ ಪೋಸ್ಟ್ ಮಾತ್ರ ಭಾಳ ಕಮ್ಮಿ, ಬ್ಯಾಟರಿ, ಸ್ಟೀಲ್, ಚಿಪ್ ಕಂಪನ್ಯಾಗೂ ಇವರನ್ನ ತಗೋತಾರ, ಆ ಬಾಗಿಲಾನೂ ತಟ್ಟಬೇಕು.