ನೇರವಾಗಿ ಕೇಳಲು ನಾಲಿಗೆ ಪಳಗಬೇಕು

ಪ್ರಶ್ನೆ: ನಾನು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದವಳು. ಸೈನಿಕರಿಗೂ ಅವರ ಕುಟುಂಬದವರಿಗೂ ಆಪ್ತಸಮಾಲೋಚನೆ ನೀಡುವ ಕೆಲಸಕ್ಕೆ ಮೂರು ತಿಂಗಳ ಹಿಂದೆ ಸೇರಿದ್ದೇನೆ. ಆತ್ಮಹತ್ಯೆ ತಡೆಯ ಬಗ್ಗೆ ಎರಡು ದಿನ ತರಬೇತಿ ಕೊಟ್ಟರು, ಅದರಲ್ಲಿ ಹೆಚ್ಚಿನ ಹೊತ್ತು ಪರದೆಯ ಮೇಲೆ ಅಂಕಿ ಅಂಶ ನೋಡುವುದರಲ್ಲೇ ಕಳೆಯಿತು. ಮೊನ್ನೆ ಹವಾಲ್ದಾರರೊಬ್ಬರು ಊರಿನ ಜಮೀನು ವ್ಯಾಜ್ಯದ ವಿಚಾರ ಹೇಳುತ್ತಾ, "ಸಾಕಾಗಿಹೋಗಿದೆ ಮೇಡಂ, ನಾನಿಲ್ಲದಿದ್ದರೂ ಮನೆ ನಡೆಯುತ್ತೆ" ಎಂದರು. ಸಾಯುವ ಯೋಚನೆ ಇದೆಯೇ ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ನಾನೇ ತಲೆಗೆ ತುಂಬಿದಂತಾಗುತ್ತದೇನೋ ಎಂದು ಹೆದರಿ ಮಾತು ಬದಲಿಸಿದೆ. ಅಂದಿನಿಂದ ನನಗೆ ನಿದ್ದೆಯಿಲ್ಲ. ನಮ್ಮಂಥವರಿಗೆ ನಿಜವಾಗಿ ಬೇಕಾದ ತರಬೇತಿ ಯಾವುದು?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರ ಕೈಸೇರಿದ ದಿನವೇ ನಿಮಗೆ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ: ಅವರನ್ನು ಇವತ್ತೇ ಮತ್ತೆ ಭೇಟಿಯಾಗಿ, "ಆ ದಿನ ನೀವು ಹೇಳಿದ ಮಾತು ನನ್ನ ಮನಸ್ಸಿನಲ್ಲೇ ಉಳಿದಿದೆ" ಎಂದು ಆರಂಭಿಸಿ, ನೇರವಾಗಿ ಕೇಳಿ. ಇಂಥ ಮಾತು ಪತ್ರಿಕೆ ಅಚ್ಚಾಗುವವರೆಗೆ ಕಾಯುವಂಥದ್ದಲ್ಲ.

ಕೇಳಿದರೆ ಯೋಚನೆ ಹುಟ್ಟುತ್ತದೆ ಎಂಬ ಭಯ ನಿಮ್ಮೊಬ್ಬರದಲ್ಲ, ಆದರೆ ಅದಕ್ಕೆ ಆಧಾರವಿಲ್ಲ. ಈ ಪ್ರಶ್ನೆಯನ್ನೇ ಹಿಡಿದು ನಡೆದ ಅಧ್ಯಯನಗಳು, ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲವೆಂದೂ ಎಷ್ಟೋ ಜನರಿಗೆ ಭಾರ ಇಳಿದಂತಾಗುತ್ತದೆಂದೂ ತೋರಿಸಿವೆ. ಆದರೆ ಇದನ್ನು ಓದಿ ತಿಳಿದವರಿಗೂ ಎದುರಿಗೆ ಮನುಷ್ಯ ಕೂತಾಗ ಬಾಯಿ ಬರುವುದಿಲ್ಲ. ನಾನು ನಡೆಸುವ ತರಬೇತಿಗಳಲ್ಲಿ ಎರಡು ಕುರ್ಚಿಗಳನ್ನು ಎದುರುಬದುರು ಹಾಕಿ, ಒಬ್ಬರನ್ನು ಸೈನಿಕರ ಪಾತ್ರದಲ್ಲಿ ಕೂರಿಸಿ, ಇನ್ನೊಬ್ಬರಿಂದ ಆ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿಸುತ್ತೇನೆ. ಹತ್ತರಲ್ಲಿ ಎಂಟು ಮಂದಿ ಮೊದಲ ಸಲ ಕೇಳುವುದು ಹೀಗೆ: "ಏನೂ ಕೆಟ್ಟ ಯೋಚನೆ ಇಲ್ಲ ತಾನೆ?" ಈ 'ತಾನೆ' ಬಂದೊಡನೆ ಉತ್ತರವೂ ನಿರ್ಧಾರವಾಗಿಬಿಡುತ್ತದೆ. ಕೇಳುವವರಿಗೆ 'ಇಲ್ಲ' ಎಂಬ ಮಾತೇ ಬೇಕಾಗಿದೆ ಎಂದು ಕೂತವರಿಗೆ ಗೊತ್ತಾಗುತ್ತದೆ; ಶಿಸ್ತಿನಲ್ಲಿ ಬೆಳೆದ ಸೈನಿಕರು "ಇಲ್ಲ ಮೇಡಂ" ಎಂದು ಹೇಳಿ ಎದ್ದುಹೋಗುತ್ತಾರೆ. 'ಅಲ್ವಾ', 'ತಾನೆ', 'ಅಂಥದ್ದೇನಿಲ್ಲವಲ್ಲ' ಎಂಬ ಬಾಲಗಳನ್ನೆಲ್ಲ ಕತ್ತರಿಸಿ, "ಇಷ್ಟೆಲ್ಲ ಕಷ್ಟ ಇರುವಾಗ ಕೆಲವರಿಗೆ ಸಾಯಬೇಕು ಅನ್ನಿಸುವುದುಂಟು. ನಿಮಗೆ ಹಾಗೆ ಅನ್ನಿಸಿದೆಯಾ?" ಎಂದು ಕೇಳಿ ಸುಮ್ಮನಾಗುವುದನ್ನು ಇಪ್ಪತ್ತು ಮೂವತ್ತು ಸಲವಾದರೂ ಅಭ್ಯಾಸ ಮಾಡಬೇಕು. ಸುಮ್ಮನಾಗುವುದು ಪ್ರಶ್ನೆಯಷ್ಟೇ ಮುಖ್ಯ. ಜೊತೆಗೆ, ಪಡೆಯಲ್ಲಿ ದಿನವಿಡೀ ಹಿಂದಿ ಮಾತಾಡುವವರು ಸಂಕಟವನ್ನು ಹೇಳಿಕೊಳ್ಳುವುದು ತಾಯ್ನುಡಿಯಲ್ಲೇ. ಆದ್ದರಿಂದ ಹಾಸನದವರಿಗೂ ವಿಜಯಪುರದವರಿಗೂ ಅವರವರ ಕನ್ನಡದಲ್ಲೇ ಮಾತಾಡಲು ಅವಕಾಶ ಕೊಡಿ.

ಹೌದು ಎಂದರೆ ಮುಂದೇನು ಎಂಬುದು ತರಬೇತಿಯ ದೊಡ್ಡ ಭಾಗ. ಯೋಚನೆ ಮಾತ್ರವೋ, ದಾರಿಯನ್ನೂ ಸಮಯವನ್ನೂ ನಿಶ್ಚಯಿಸಿದ್ದಾರೋ, ಹಿಂದೆ ಪ್ರಯತ್ನಿಸಿದ್ದರೋ ಎಂದು ಒಂದೊಂದಾಗಿ ಕೇಳಬೇಕು. ನಿಶ್ಚಯಿಸಿದ್ದರೆ ಅವರನ್ನು ಒಂಟಿಯಾಗಿ ಬಿಡದೆ, ನೀವೇ ಜೊತೆಗೆ ಹೋಗಿ ವೈದ್ಯಾಧಿಕಾರಿಗೆ ಒಪ್ಪಿಸಬೇಕು. ಅಪಾಯ ಅಷ್ಟು ಹತ್ತಿರದಲ್ಲಿಲ್ಲದಿದ್ದರೆ, ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ರೂಪಿಸಿದ ಸುರಕ್ಷತಾ ಯೋಜನೆಯನ್ನು ಇಬ್ಬರೂ ಕೂತು ಬರೆಯಬೇಕು. ಸಂಕಟ ಏರುತ್ತಿರುವುದರ ಗುರುತು, ತಾವೇ ಮಾಡಿಕೊಳ್ಳಬಹುದಾದದ್ದು, ಮನಸ್ಸು ಬೇರೆಡೆಗೆ ಹರಿಯುವ ಜಾಗ ಮತ್ತು ಜನ, ಸಹಾಯ ಕೇಳಬಹುದಾದವರು, ವೈದ್ಯರು ಮತ್ತು ಸಹಾಯವಾಣಿ, ಕೊನೆಗೆ ಅಪಾಯದ ವಸ್ತುವನ್ನು ದೂರವಿಡುವ ಏರ್ಪಾಡು ಇವೆಲ್ಲ ಒಂದೇ ಹಾಳೆಯಲ್ಲಿರುತ್ತವೆ. ಒಮ್ಮೆ ತರಬೇತಿಗೆ ಬಂದವರೊಬ್ಬರು ಆ ಹಾಳೆಯಲ್ಲಿ 'ಧ್ಯಾನ', 'ಸಕಾರಾತ್ಮಕ ಚಿಂತನೆ' ಎಂದು ತುಂಬಿಸಿದ್ದರು. ಸೈನಿಕರ ಪಾತ್ರದಲ್ಲಿದ್ದವರನ್ನು, ನಿಮಗೆ ನಿಜವಾಗಿ ಹಗುರವೆನಿಸುವುದು ಯಾವಾಗ ಎಂದು ನಾನು ಕೇಳಿದೆ. ಅವರೇ ಹಿಂದೆ ಸೇನೆಯಲ್ಲಿದ್ದವರು. ಸ್ವಲ್ಪ ಹೊತ್ತು ಬಿಟ್ಟು, "ಲಂಗರ್‌ಗೆ ಹೋಗಿ ಅಡುಗೆಯವರ ಜೊತೆ ಚಪಾತಿ ಲಟ್ಟಿಸುವಾಗ, ಮಗಳು ಕಳಿಸಿದ ವಾಯ್ಸ್ ಮೆಸೇಜ್ ಕೇಳುವಾಗ" ಎಂದರು. ಹಾಳೆಯಲ್ಲಿ ಬರೆಯಬೇಕಾದದ್ದು ಇದು. ನಡುರಾತ್ರಿ ಮಡಿಕೆ ಬಿಚ್ಚಿ ಓದಿದಾಗ ಅದು ಅವರದೇ ಮಾತಾಗಿರಬೇಕು. 'ಆತ್ಮಹತ್ಯೆ ಮಾಡಿಕೊಳ್ಳುವುದಿಲ್ಲ' ಎಂದು ಬರೆಸಿ ಸಹಿ ಹಾಕಿಸಿಕೊಳ್ಳುವ ಪದ್ಧತಿ ಎಲ್ಲಾದರೂ ಕಂಡರೆ ದಯವಿಟ್ಟು ಕೈಬಿಡಿ; ಅದು ಸಮಾಲೋಚಕರ ಮನಸ್ಸಿಗೆ ನೆಮ್ಮದಿ ಕೊಡುತ್ತದೆಯೇ ಹೊರತು, ಜೀವ ಉಳಿಸುತ್ತದೆ ಎನ್ನಲು ಪುರಾವೆಯಿಲ್ಲ.

ಸೇನೆಯಲ್ಲಿ ಶಸ್ತ್ರ ಕೈಗೆಟಕುವ ದೂರದಲ್ಲೇ ಇರುತ್ತದೆ ಎಂಬುದನ್ನು ತರಬೇತಿ ಮರೆಯುವಂತಿಲ್ಲ. ಸಾಯಬೇಕೆಂಬ ತೀವ್ರ ಒತ್ತಡ ಅನೇಕರಲ್ಲಿ ಸ್ವಲ್ಪ ಹೊತ್ತಿನದು, ಆ ಹೊತ್ತಿನಲ್ಲಿ ಸಾಧನ ದೂರವಿದ್ದರೆ ಜೀವ ಉಳಿಯುತ್ತದೆ. ವಾರಾಂತ್ಯಕ್ಕೆ ಮನೆಗೆ ಹೋಗುವ ಸೈನಿಕರು ಬಂದೂಕನ್ನು ನೆಲೆಯಲ್ಲೇ ಬಿಟ್ಟುಹೋಗಬೇಕೆಂದು ಇಸ್ರೇಲ್ ಸೇನೆ 2006ರಲ್ಲಿ ನಿಯಮ ಬದಲಿಸಿದ ಮೇಲೆ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇ 40ರಷ್ಟು ಇಳಿಯಿತು. ವಾರದ ಉಳಿದ ದಿನಗಳಲ್ಲಿ ಗಣನೀಯ ವ್ಯತ್ಯಾಸವಾಗಲಿಲ್ಲ, ಅಂದರೆ ಶನಿವಾರ ತಪ್ಪಿದ ಸಾವು ಸೋಮವಾರಕ್ಕೆ ಮುಂದೆ ಹೋಗಲಿಲ್ಲ. ಕೆಲವು ದಿನ ಸಶಸ್ತ್ರ ಪಹರೆಯಿಂದ ಬಿಡುವು ಕೊಡಿಸುವುದಕ್ಕೆ ಯಾರ ಬಳಿ, ಯಾವ ಮಾತಿನಲ್ಲಿ ಕೇಳಬೇಕು, ಅದು ಸಹೋದ್ಯೋಗಿಗಳ ಮುಂದೆ ಅವಮಾನವಾಗದಂತೆ ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಕಮಾಂಡಿಂಗ್ ಅಧಿಕಾರಿಯ ಜೊತೆ ಮೊದಲೇ ಕೂತು ಗೊತ್ತುಮಾಡಿಕೊಳ್ಳಿ.

ಗೌಪ್ಯತೆಯ ಮಾತನ್ನು ಮೊದಲ ಭೇಟಿಯ ಮೊದಲ ಐದು ನಿಮಿಷದಲ್ಲೇ ಆಡಬೇಕು. "ಎಲ್ಲವೂ ನಮ್ಮಿಬ್ಬರ ನಡುವೆಯೇ ಇರುತ್ತದೆ" ಎಂದು ಭರವಸೆ ಕೊಟ್ಟು ಆಮೇಲೆ ಮುರಿದರೆ, ಆ ಪಡೆಯಲ್ಲಿ ಇನ್ನೊಬ್ಬರು ನಿಮ್ಮ ಬಾಗಿಲಿಗೆ ಬರುವುದಿಲ್ಲ. ಪ್ರಾಣಕ್ಕೆ ಅಪಾಯವಿದ್ದಾಗ, ಅಗತ್ಯವಿರುವಷ್ಟು ಮಾತ್ರ, ನಿಮಗೆ ತಿಳಿಸಿಯೇ ಹೇಳುತ್ತೇನೆ ಎನ್ನಿ. ಕಾನೂನಿನ ಭಯವೂ ಅವರಲ್ಲಿರುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು ಎನ್ನುತ್ತದೆ. ಆದರೆ 1950ರ ಸೇನಾ ಕಾಯ್ದೆಯ 64ನೇ ಸೆಕ್ಷನ್ ಅಂಥ ಯತ್ನವನ್ನು ಅಪರಾಧಗಳ ಸಾಲಿನಲ್ಲಿ ಸೇರಿಸಿದೆ. ಇದು ಬದಲಾಗಬೇಕೆಂಬುದು ನನ್ನ ದೃಢ ಅಭಿಪ್ರಾಯ. ಯೋಚನೆ ಬಂದದ್ದನ್ನು ಹೇಳಿಕೊಳ್ಳುವುದು ಮಾತ್ರ ಯಾವ ಕಾಯ್ದೆಯಲ್ಲೂ ಅಪರಾಧವಲ್ಲ, ಅದನ್ನು ಬಿಡಿಸಿ ಹೇಳಿ.

ನಿಮ್ಮ ಹವಾಲ್ದಾರರಿಗೆ ಜಮೀನಿನ ಸಂಕಟವಿದೆ. ಅದಕ್ಕೆ ಉಸಿರಾಟದ ವ್ಯಾಯಾಮ ಮದ್ದಲ್ಲ. ವಿಶೇಷ ಅಥವಾ ಯುದ್ಧ ಪರಿಸ್ಥಿತಿಯ ಸೇವೆಯಲ್ಲಿದ್ದು ನ್ಯಾಯಾಲಯಕ್ಕೆ ಬರಲಾಗದ ಸೈನಿಕರ ಪ್ರಕರಣಗಳಿಗೆ 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆಯಲ್ಲಿ ರಕ್ಷಣೆಯಿದೆ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಜಿಲ್ಲಾ ಕಚೇರಿಯ ನೆರವನ್ನೂ ಕೇಳಬಹುದು. ಆ ಅರ್ಜಿ ಬರೆಯಲು ಜೊತೆಗೆ ಕೂತರೆ ಅದೂ ಆತ್ಮಹತ್ಯೆ ತಡೆಯ ಕೆಲಸವೇ.

ಆಮೇಲೆ ಬಿಡಬೇಡಿ. ಎರಡನೇ ಮಹಾಯುದ್ಧದಲ್ಲಿ ಸೈನಿಕನಾಗಿದ್ದ ಜೆರೋಮ್ ಮೊಟ್ಟೊ ಎಂಬ ಮನೋವೈದ್ಯರು, ಯುದ್ಧಭೂಮಿಯಲ್ಲಿ ತಮಗೆ ಬರುತ್ತಿದ್ದ ಪತ್ರಗಳ ನೆನಪಿನಿಂದ, ಆಸ್ಪತ್ರೆಯಿಂದ ಹೊರಬಂದು ಚಿಕಿತ್ಸೆ ಮುಂದುವರಿಸದವರಿಗೆ ವರ್ಷಗಟ್ಟಲೆ ಚುಟುಕು ಪತ್ರಗಳನ್ನು ಕಳಿಸಿದರು. ಹೇಗಿದ್ದೀರಿ, ಬರೆಯಬೇಕೆನಿಸಿದರೆ ಸಂತೋಷ ಎಂಬುದಕ್ಕಿಂತ ಹೆಚ್ಚೇನೂ ಅದರಲ್ಲಿರಲಿಲ್ಲ. ಪತ್ರ ಬಂದವರಲ್ಲಿ ಮೊದಲ ಎರಡು ವರ್ಷ ಆತ್ಮಹತ್ಯೆಗಳು ಕಡಿಮೆಯಾದವು. ರಜೆಗೆ ಹೋದವರಿಗೆ, ವರ್ಗವಾದವರಿಗೆ ನೀವೂ ಎರಡು ಸಾಲು ಕಳಿಸಬಹುದು. ನಿಮ್ಮ ನಿದ್ದೆಯ ವಿಚಾರವನ್ನು ಮೇಲ್ವಿಚಾರಣೆ ಮಾಡುವ ಹಿರಿಯರೊಬ್ಬರ ಹತ್ತಿರ ವಾರಕ್ಕೊಮ್ಮೆ ಹೇಳಿಕೊಳ್ಳುವ ವ್ಯವಸ್ಥೆ ಬೇಕೆಂದು ಲಿಖಿತವಾಗಿ ಕೇಳಿ.

ಪ್ರಶ್ನೆ: ನಮ್ಮ ಯಜಮಾನರು ಗಡಿಯಲ್ಲಿದ್ದಾರೆ. ಫೋನ್ ಮಾಡಿದಾಗಲೆಲ್ಲ "ಮಕ್ಕಳನ್ನು ಚೆನ್ನಾಗಿ ನೋಡಿಕೊ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಾರೆ. ಅವರ ಪಡೆಗೆ ತಿಳಿಸಿದರೆ ಕೆಲಸಕ್ಕೆ ತೊಂದರೆಯಾಗುತ್ತದೆಯೇ?
– ಒಬ್ಬ ಸೈನಿಕರ ಪತ್ನಿ, ಯಲಹಂಕ

ಉತ್ತರ: ತಿಳಿಸಿ ತಾಯಿ, ತಡಮಾಡಬೇಡಿ. ಮುಂದಿನ ಕರೆ ಬಂದಾಗ ಮೇಲೆ ಹೇಳಿದಂತೆ ನೀವೇ ನೇರವಾಗಿ ಕೇಳಿ. ಹೌದೆಂದರೆ ಗದರಬೇಡಿ. ಅಳಬೇಡಿ ಎಂದು ನಾನು ಹೇಳಲಾರೆ. ಫೋನ್ ಇಡಬೇಡಿ ಎಂದಷ್ಟೇ ಹೇಳುತ್ತೇನೆ. ಅವರು ಮಾತಾಡುತ್ತಿರುವಾಗಲೇ ಇನ್ನೊಂದು ಫೋನಿನಿಂದ ಮನೆಯವರು ಪಡೆಯ ಹಿರಿಯ ಅಧಿಕಾರಿಗೆ ತಿಳಿಸಲಿ. ಸೇನೆಯಲ್ಲಿ ಮಾನಸಿಕ ಆರೋಗ್ಯಕ್ಕೂ ವೈದ್ಯಕೀಯ ವರ್ಗೀಕರಣವಿದೆ. ಚಿಕಿತ್ಸೆಯ ಕಾಲಕ್ಕೆ ವರ್ಗ ಇಳಿಯಬಹುದು, ಕೆಲವು ಕರ್ತವ್ಯಗಳಿಂದ ದೂರವಿಡಬಹುದು, ಆದರೆ ಅದನ್ನು ಮರುಪರೀಕ್ಷೆ ಮಾಡಿ ಮೇಲಕ್ಕೇರಿಸುವ ಕ್ರಮವೂ ಇದೆ. ಹಗಲುರಾತ್ರಿ ಕನ್ನಡದಲ್ಲಿ ಮಾತಾಡಲು ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಇದೆ. ನಮ್ಮ ಹೊಸೂರು ರಸ್ತೆಯ ನಿಮ್ಹಾನ್ಸ್ ಆ ಸೇವೆಯ ರಾಷ್ಟ್ರೀಯ ಕೇಂದ್ರ. ಸಶಸ್ತ್ರ ಪಡೆಗಳಿಗೆಂದೇ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ 2023ರ ಡಿಸೆಂಬರ್ 1ರಂದು ಪ್ರತ್ಯೇಕ ಟೆಲಿ ಮಾನಸ್ ಘಟಕ ಆರಂಭವಾಯಿತು.

ಪ್ರಶ್ನೆ: ನಾನು ನಿವೃತ್ತ ಸುಬೇದಾರ್. ನಮ್ಮಂಥವರಿಗೆ ಈ ತರಬೇತಿಯಿಂದ ಪ್ರಯೋಜನವಿದೆಯೇ?
– ಜಾಲಹಳ್ಳಿ

ಉತ್ತರ: ಬಹಳ ಇದೆ ಸಾಹೇಬರೇ. ಸಮಾಲೋಚಕರ ಮುಂದೆ ಬಾಯಿಬಿಡದವರು ನಿಮ್ಮ ಮುಂದೆ ಬಿಡುತ್ತಾರೆ. ಗುರುತಿಸುವುದು, ಕೇಳುವುದು, ವೈದ್ಯರವರೆಗೆ ಜೊತೆಯಲ್ಲಿ ಹೋಗುವುದು – ಈ ಮೂರನ್ನು ಕಲಿತರೆ ಸಾಕು, ಚಿಕಿತ್ಸೆಗೆ ಕೈಹಾಕಬೇಡಿ. ಸೇವೆ ಬಿಟ್ಟ ಮೊದಲ ವರ್ಷದಲ್ಲಿ ಅಪಾಯ ಹೆಚ್ಚೆಂದು ಅಮೆರಿಕದ ಅಧ್ಯಯನಗಳು ತೋರಿಸಿವೆ. ನಿಮ್ಮ ಫೋನಿನಲ್ಲಿರುವ ಹಳೆಯ ಜೊತೆಗಾರರ ಪೈಕಿ ಇತ್ತೀಚೆಗೆ ನಿವೃತ್ತರಾಗಿ ಊರಿಗೆ ಬಂದವರಿಗೆ ಮೊದಲು ಕರೆಮಾಡಿ.