ನನ್ನ ಮಾಹಿತಿ ಸರ್ಕಾರಕ್ಕೆ ಹೋದರೆ ನನಗೆ ಗೊತ್ತಾಗುತ್ತಾ?

ಎಕ್ಸ್, ವಾಟ್ಸ್ಆಪ್, ಇನ್‌ಸ್ಟಾಗ್ರಾಮ್‌ನಂಥ ಕಂಪನಿಗಳ ಜೊತೆ ಸರ್ಕಾರ ಹೇಗೆ ವ್ಯವಹರಿಸುತ್ತದೆ ಎಂದು ಕೇಳಿ ಬಂದ ಪತ್ರಗಳಲ್ಲಿ ಮೂರಕ್ಕೆ ಈ ಸಲ ವಕೀಲರ ಉತ್ತರ.

ಪ್ರಶ್ನೆ: ನಮ್ಮೂರಿನ ಕೆರೆ ಒತ್ತುವರಿ ಬಗ್ಗೆ ಎಕ್ಸ್‌ನಲ್ಲಿ ವಿಡಿಯೊ ಹಾಕಿದ್ದೆ. ಮೂರು ದಿನ ಬಿಟ್ಟು ನೋಡಿದರೆ, ಕಾನೂನಿನ ಬೇಡಿಕೆ ಮೇರೆಗೆ ಭಾರತದಲ್ಲಿ ತಡೆಹಿಡಿಯಲಾಗಿದೆ ಅಂತ ಇತ್ತು. ಯಾರು ತಡೆಸಿದ್ದು, ಯಾಕೆ, ಒಂದೂ ಗೊತ್ತಿಲ್ಲ. ಏನು ಮಾಡಲಿ? (ಓದುಗರು, ಹಾವೇರಿ)

ಮೊದಲು ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ, ತಾರೀಖು ಕಾಣುವ ಹಾಗೆ. ಆಮೇಲೆ ನಿಮ್ಮ ಇಮೇಲ್ ನೋಡಿ, ಸ್ಪ್ಯಾಮ್ ಫೋಲ್ಡರ್ ಕೂಡ. ಕಾನೂನು ಅಡ್ಡ ಬಾರದಿದ್ದರೆ ಎಕ್ಸ್ ಸಾಮಾನ್ಯವಾಗಿ ಖಾತೆದಾರರಿಗೆ ಒಂದು ಮೇಲ್ ಕಳಿಸುತ್ತದೆ.

ಸರ್ಕಾರ ಪೋಸ್ಟ್ ತೆಗೆಸುವುದಕ್ಕೆ ಮುಖ್ಯವಾಗಿ ಎರಡು ದಾರಿ ಇವೆ. ಒಂದು, ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 69ಎ ಕಲಂ. ಇದರಡಿ ತಡೆಯಬೇಕಾದರೆ ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಬೇರೆ ದೇಶಗಳ ಜೊತೆಗಿನ ಸ್ನೇಹ ಸಂಬಂಧದಂಥ ಕೆಲವೇ ಕಾರಣ ಇರಬೇಕು. ಕೆರೆ ಒತ್ತುವರಿಯ ಬಗ್ಗೆ ಮಾತಾಡಿದ್ದು ಆ ಪಟ್ಟಿಯಲ್ಲಿಲ್ಲ. ಯಾರಿಗೋ ಮಾನಹಾನಿ ಆಯ್ತು ಅನ್ನುವುದೂ ಇಲ್ಲ. 2009ರ ನಿಯಮದ ಪ್ರಕಾರ ನೋಟಿಸ್ ಕೊಡಬೇಕು, ಉತ್ತರ ಹೇಳಲು ಕನಿಷ್ಠ 48 ಗಂಟೆ ಬಿಡಬೇಕು, ಒಂದು ಸಮಿತಿ ಕೂತು ನೋಡಬೇಕು. ಆದರೆ ಅದೇ ನಿಯಮಗಳ 16ನೇ ನಿಯಮ ಇದೆಲ್ಲ ಗುಟ್ಟಾಗಿರಬೇಕು ಎನ್ನುತ್ತದೆ. ಹಾಗಾಗಿ ನೋಟಿಸ್ ಕಂಪನಿಗೆ ಹೋಗುತ್ತದೆ, ವಿಡಿಯೊ ಮಾಡಿದವರಿಗೆ ಬರುವುದು ಕಡಿಮೆ. 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ 69ಎ ಕಲಂ ಉಳಿಸಿದ್ದೇ ಇಂಥ ಕಟ್ಟುಪಾಡುಗಳಿವೆ ಎಂಬ ಕಾರಣಕ್ಕೆ. ಪೋಸ್ಟ್ ಹಾಕಿದವರ ಮಾತನ್ನೂ ಕೇಳಬೇಕು ಎಂದು ಆ ತೀರ್ಪು ಹೇಳಿತ್ತು. ಅದು ಕಾಗದದಲ್ಲೇ ಉಳಿದಿದೆ ಅನ್ನುವುದು ನನ್ನ ದೊಡ್ಡ ಬೇಸರ.

ಇನ್ನೊಂದು, ಅದೇ ಕಾಯ್ದೆಯ 79(3)(ಬಿ) ಕಲಂ. ಇದು ನೇರವಾಗಿ ತೆಗೆಯಿರಿ ಅನ್ನುವುದಿಲ್ಲ. ಸರ್ಕಾರ ತಿಳಿಸಿದ ಮೇಲೂ ತೆಗೆಯದಿದ್ದರೆ ಕಂಪನಿಗಿರುವ ಕಾನೂನು ರಕ್ಷಣೆ ಹೋಗುತ್ತದೆ ಅನ್ನುತ್ತದೆ. ಯಾವ ಕಂಪನಿ ತಾನೇ ನಿಮ್ಮ ಒಂದು ವಿಡಿಯೊಗಾಗಿ ಅಷ್ಟು ದೊಡ್ಡ ರಿಸ್ಕ್ ತಗೊಳ್ಳುತ್ತೆ? ಈ ನೋಟಿಸ್‌ಗಳನ್ನು ಕಳಿಸಲಿಕ್ಕೆಂದೇ ಗೃಹ ಸಚಿವಾಲಯ 2024ರಲ್ಲಿ 'ಸಹಯೋಗ್' ಪೋರ್ಟಲ್ ಶುರು ಮಾಡಿತು. ಎಕ್ಸ್ ಅದಕ್ಕೆ ಸೇರಲು ಒಪ್ಪದೆ ನಮ್ಮ ಹೈಕೋರ್ಟ್‌ಗೇ ಬಂತು. 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅರ್ಜಿ ವಜಾ ಮಾಡಿ ಪೋರ್ಟಲ್ ಎತ್ತಿಹಿಡಿದರು. ಅದಕ್ಕೂ ಮೊದಲು, 2023ರ ಜೂನ್‌ನಲ್ಲಿ, ಆಗಿನ ಟ್ವಿಟರ್ 69ಎ ಆದೇಶಗಳ ವಿರುದ್ಧ ಹಾಕಿದ್ದ ಅರ್ಜಿ ಇದೇ ಕೋರ್ಟ್‌ನಲ್ಲಿ 50 ಲಕ್ಷ ರೂಪಾಯಿ ದಂಡದ ಜೊತೆ ವಜಾ ಆಗಿತ್ತು.

ಎರಡು ಸಲವೂ ಕಟಕಟೆಗೆ ಬಂದದ್ದು ಕಂಪನಿ, ಬರೆದವರಲ್ಲ. ನಿಮ್ಮ ಜಾಗ ಬೇರೆ. ನೀವು ಈ ದೇಶದ ಪ್ರಜೆ, ಮಾತಾಡುವ ಹಕ್ಕು ಸಂವಿಧಾನ ನಿಮಗೆ ನೇರವಾಗಿ ಕೊಟ್ಟದ್ದು. ದೆಹಲಿಯಲ್ಲಿ ಹಾಗೇ ಒಂದು ಕೇಸ್ ನಡೆಯಿತು. ವರದಕ್ಷಿಣೆಯನ್ನು ಅಣಕಿಸುವ 'ಡೌರಿ ಕ್ಯಾಲ್ಕುಲೇಟರ್' ಎಂಬ ವೆಬ್‌ಸೈಟ್ 2018ರಲ್ಲಿ ಬಂದ್ ಆಯಿತು. ಅದನ್ನು ನಡೆಸುತ್ತಿದ್ದವರು ಕೋರ್ಟ್‌ಗೆ ಹೋದರು. 2022ರಲ್ಲಿ ದೆಹಲಿ ಹೈಕೋರ್ಟ್, ಆದೇಶದ ಪ್ರತಿ ಅವರಿಗೆ ಕೊಡಿ, ಅವರ ಮಾತು ಕೇಳಿ ಎಂದು ಹೇಳಿತು.

ನೀವು ಮಾಡಬೇಕಾದ್ದು ಇಷ್ಟು. ಯಾವ ಕಲಂ ಅಡಿ, ಯಾವ ಇಲಾಖೆ ಹೇಳಿದ್ದಕ್ಕೆ ತಡೆದಿರಿ ಎಂದು ಎಕ್ಸ್‌ನ ಕುಂದುಕೊರತೆ ಅಧಿಕಾರಿಗೆ ಲಿಖಿತವಾಗಿ ಕೇಳಿ. 2025ರ ನವೆಂಬರ್ 15ರಿಂದ ನಿಯಮ ಸ್ವಲ್ಪ ಬಿಗಿಯಾಗಿದೆ. 79(3)(ಬಿ) ನೋಟಿಸ್ ಕಳಿಸುವವರು ಜಂಟಿ ಕಾರ್ಯದರ್ಶಿ ಮಟ್ಟದವರಾಗಿರಬೇಕು, ಪೊಲೀಸರಾದರೆ ಡಿಐಜಿ. ಕಲಂ, ಕಾರಣ, ಲಿಂಕ್ ಮೂರನ್ನೂ ಬರೆಯಬೇಕು. ಉತ್ತರ ಏನೇ ಬರಲಿ, ಬಾರದೇ ಇರಲಿ, ಆ ಪತ್ರವ್ಯವಹಾರ ಹಿಡಿದುಕೊಂಡು ಧಾರವಾಡ ಪೀಠದಲ್ಲಿ ರಿಟ್ ಅರ್ಜಿ ಹಾಕಬಹುದು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಅರ್ಹತೆ ಇದ್ದರೆ ಉಚಿತವಾಗಿ ವಕೀಲರು ಸಿಗುತ್ತಾರೆ.

ಪ್ರಶ್ನೆ: ಪೊಲೀಸರು ನಮ್ಮ ವಾಟ್ಸ್ಆಪ್ ಮೆಸೇಜ್ ಓದ್ತಾರಾ? ಕೇಳಿದರೆ ಕಂಪನಿ ಏನೇನು ಕೊಡುತ್ತೆ? ನನ್ನ ಬಗ್ಗೆ ಕೇಳಿದ್ದರೆ ನನಗೆ ತಿಳಿಸುತ್ತಾರಾ? (ಶಿಕ್ಷಕಿ, ಮೈಸೂರು)

ಕಂಪನಿ ಮೂಲಕ ಓದಲು ಆಗುವುದಿಲ್ಲ. 2016ರಿಂದ ವಾಟ್ಸ್ಆಪ್ ಮೆಸೇಜ್‌ಗೆ ಕಳಿಸಿದ ಫೋನಿನಲ್ಲೇ ಬೀಗ ಬೀಳುತ್ತದೆ, ತಲುಪಿದ ಫೋನಿನಲ್ಲೇ ತೆರೆಯುತ್ತದೆ. ಕೋರ್ಟ್‌ನಲ್ಲಿ ನೀವು ನೋಡುವ ಚಾಟ್‌ಗಳು ಹೆಚ್ಚಾಗಿ ಜಪ್ತಿ ಮಾಡಿದ ಫೋನಿನಿಂದಲೋ, ಆ ಕಡೆಯವರು ತೋರಿಸಿದ ಸ್ಕ್ರೀನ್‌ಶಾಟ್‌ನಿಂದಲೋ, ಬೀಗ ಹಾಕದ ಬ್ಯಾಕಪ್‌ನಿಂದಲೋ ಬಂದವು. ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್‌ಗೂ ಬೀಗ ಹಾಕುವ ಆಯ್ಕೆ ಇದೆ, ಹಾಕಿಕೊಳ್ಳಿ. ಮೆಸೇಜ್ ಮೊದಲು ಯಾರು ಕಳಿಸಿದ್ದು ಎಂದು ಹೇಳಬೇಕೆಂದು 2021ರ ಐಟಿ ನಿಯಮ ಕೇಳುತ್ತದೆ. ಅದನ್ನು ವಾಟ್ಸ್ಆಪ್ ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿದೆ.

ಆದರೆ ಮೆಸೇಜ್ ಬಿಟ್ಟು ಉಳಿದದ್ದು ಬೇಕಾದಷ್ಟಿದೆ. ಖಾತೆ ಯಾವಾಗ ಶುರುವಾಯಿತು, ಕೊನೆಗೆ ಯಾವಾಗ ಬಳಸಿದಿರಿ, ಯಾವ ಐಪಿ ವಿಳಾಸದಿಂದ (ಇಂಟರ್ನೆಟ್‌ಗೆ ಸೇರಿದಾಗ ಆ ಸಂಪರ್ಕಕ್ಕೆ ಸಿಗುವ ನಂಬರ್) ಬಂದಿರಿ, ಇಂಥವು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಕಲಂ ಅಡಿ ಠಾಣೆಯ ಅಧಿಕಾರಿಯೇ ಇವನ್ನು ಕೇಳಬಹುದು. ಹಳೇ ಸಿಆರ್‌ಪಿಸಿಯಲ್ಲಿ ಇದು 91 ಆಗಿತ್ತು. ಉದ್ದೇಶ ಬರೆದ ಲಿಖಿತ ಆದೇಶ ಬಂದರೆ 72 ಗಂಟೆಯೊಳಗೆ ಕಂಪನಿ ನೆರವಾಗಬೇಕು ಎಂದು 2021ರ ನಿಯಮದಲ್ಲಿದೆ.

ಐಪಿ ವಿಳಾಸ ಸಿಕ್ಕಿತು ಅಂದರೆ ಆಸಾಮಿ ಸಿಕ್ಕ ಅಂತಲ್ಲ. ಕಂಪನಿಗಳು ಕಳಿಸುವ ಲಾಗ್‌ನಲ್ಲಿ ಸಮಯ ಸಾಮಾನ್ಯವಾಗಿ ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯದ ಲೆಕ್ಕದಲ್ಲಿರುತ್ತದೆ. ಅಲ್ಲಿ 5ನೇ ತಾರೀಖು ರಾತ್ರಿ 8.40 ಎಂದಿದ್ದರೆ ನಮ್ಮಲ್ಲಿ ಅದು 6ನೇ ತಾರೀಖು ಬೆಳಗಿನ ಜಾವ 2.10. ಐದೂವರೆ ಗಂಟೆ ಸೇರಿಸುವುದನ್ನು ಯಾರಾದರೂ ಮರೆತರೆ ಆ ಹೊತ್ತಿನಲ್ಲಿ ಅದೇ ಐಪಿ ಇದ್ದ ಬೇರೆ ಮನೆಯ ಬಾಗಿಲು ಬಡಿಯಬೇಕಾಗುತ್ತದೆ. ಮೊಬೈಲ್ ಡೇಟಾದಲ್ಲಂತೂ ಒಂದೇ ಐಪಿಯನ್ನು ಒಂದೇ ಹೊತ್ತಿನಲ್ಲಿ ನೂರಾರು ಜನ ಹಂಚಿಕೊಂಡಿರುತ್ತಾರೆ. ಅವರಲ್ಲಿ ಒಬ್ಬೊಬ್ಬರ ಸಂಪರ್ಕವನ್ನು ಬೇರೆ ಮಾಡಿ ತೋರಿಸುವ ಪೋರ್ಟ್ ನಂಬರ್ ಇಲ್ಲದಿದ್ದರೆ ಯಾರೆಂದು ಹೇಳಲು ಸಾಧ್ಯವೇ ಇಲ್ಲ.

ಇದು ಸುಮ್ನೆ ಹೆದರಿಸುವ ಮಾತಲ್ಲ. 2007ರಲ್ಲಿ ಆರ್ಕುಟ್ ಎಂಬ ಆಗಿನ ಜಾಲತಾಣದಲ್ಲಿ ಶಿವಾಜಿ ಮಹಾರಾಜರನ್ನು ಅವಮಾನಿಸಿದ ಚಿತ್ರ ಬಂತೆಂದು ಪುಣೆ ಪೊಲೀಸರು ಬೆಂಗಳೂರಿಗೆ ಬಂದು ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯನ್ನು ಹಿಡಿದುಕೊಂಡು ಹೋದರು. ಐಪಿಯ ವಿವರವೇ ತಪ್ಪಾಗಿತ್ತು. ಆ ಹುಡುಗ ಏನೂ ಮಾಡಿರಲಿಲ್ಲ. ಹೊರಗೆ ಬರುವ ಹೊತ್ತಿಗೆ ಜೈಲಿನಲ್ಲಿ 50 ದಿನ ಕಳೆದಿದ್ದ. ಯಾರೋ ಕೇಳಿದರು, ಯಾರೋ ಕೊಟ್ಟರು, ಮಧ್ಯೆ ಸರಿನೋಡಿದವರು ಯಾರೂ ಇರಲಿಲ್ಲ.

ಇನ್ನು, ನಿಮಗೆ ತಿಳಿಸುತ್ತಾರಾ ಅನ್ನುವುದು. ತಿಳಿಸಲೇಬೇಕೆಂಬ ಕಾನೂನು ನಮ್ಮಲ್ಲಿಲ್ಲ. 2023ರ ಡೇಟಾ ರಕ್ಷಣಾ ಕಾಯ್ದೆಯ 11ನೇ ಕಲಂ, ನಿಮ್ಮ ಮಾಹಿತಿ ಯಾರ ಯಾರ ಜೊತೆ ಹಂಚಿಕೊಂಡಿದ್ದಾರೆ ಎಂದು ಕೇಳುವ ಹಕ್ಕು ಕೊಡುತ್ತದೆ, ಆದರೆ ಆ ಕಲಂ ಜಾರಿಗೆ ಗೊತ್ತುಮಾಡಿರುವುದು 2027ರ ಮೇ ತಿಂಗಳಿಂದ. ಅದೇ ಕಲಂನ ಎರಡನೇ ಭಾಗ, ಅಪರಾಧ ತಡೆಗೋ ತನಿಖೆಗೋ ಅಧಿಕಾರವಿರುವವರು ಲಿಖಿತವಾಗಿ ಕೇಳಿ ಪಡೆದಿದ್ದರೆ ಆ ಹಕ್ಕು ಅನ್ವಯಿಸುವುದಿಲ್ಲ ಎನ್ನುತ್ತದೆ. ತನಿಖೆ ನಡೆಯುವಾಗ ಗುಟ್ಟು ಬೇಕು, ಒಪ್ಪುತ್ತೇನೆ. ಕಳ್ಳನಿಗೆ ಮೊದಲೇ ಹೇಳಿ ಹೋಗಲಾಗುತ್ತಾ? ಆದರೆ ತನಿಖೆ ಮುಗಿದು, ನೀವು ಸಂಬಂಧಪಟ್ಟವರೇ ಅಲ್ಲ ಎಂದು ಗೊತ್ತಾದ ಮೇಲೂ ಯಾಕೆ ಮುಚ್ಚಿಡಬೇಕು? ಇಂಥ ದಿನ, ಇಂಥ ಠಾಣೆ, ಇಂಥ ಕಾರಣಕ್ಕೆ ನಿಮ್ಮ ವಿವರ ತರಿಸಿಕೊಂಡಿತ್ತು ಎಂದು ಒಂದು ಪತ್ರ ಬಂದರೆ ಯಾರಿಗೂ ನಷ್ಟವಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ಕೇಸ್ ಹಾಕಿದ್ದು ನಮ್ಮ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆ ತೀರ್ಪಿಗೆ ಬೆಲೆ ಬರಬೇಕಾದರೆ ಈ ಒಂದು ಪತ್ರದ ಪದ್ಧತಿ ಬರಬೇಕು.

ಪ್ರಶ್ನೆ: ಮಗಳ ಫೋಟೊ ತಿದ್ದಿ ಇನ್‌ಸ್ಟಾಗ್ರಾಮ್‌ನಲ್ಲಿ ನಕಲಿ ಖಾತೆ ಮಾಡಿದ್ದಾರೆ. ಕಂಪನಿಯವರು ಪೊಲೀಸರಿಗೆ ಮಾಹಿತಿ ಕೊಡ್ತಾರಾ? ಭಯ ಆಗ್ತಿದೆ. (ತಾಯಿ, ತುಮಕೂರು)

ಕೊಡುತ್ತಾರೆ ತಾಯಿ, ಇಂಥ ಕಡೆ ಕೊಡಲೇಬೇಕು. ಹೆದರಬೇಡಿ, ಮಗಳನ್ನು ಬೈಯಲೂ ಬೇಡಿ.

ಖಾತೆಯನ್ನು ರಿಪೋರ್ಟ್ ಮಾಡುವ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ಪ್ರೊಫೈಲ್‌ನ ಪೂರ್ತಿ ಲಿಂಕ್ ಬರೆದಿಟ್ಟುಕೊಳ್ಳಿ. ಎಷ್ಟೋ ಜನ ಗಾಬರಿಯಲ್ಲಿ ಮೊದಲು ರಿಪೋರ್ಟ್ ಮಾಡಿ, ಖಾತೆ ಮಾಯವಾದ ಮೇಲೆ ಬರಿಗೈಯಲ್ಲಿ ಠಾಣೆಗೆ ಹೋಗುತ್ತಾರೆ. ಆಮೇಲೆ ಕಂಪನಿಗೆ ದೂರು ಕೊಡಿ, ಮಗಳ ಪರವಾಗಿ ನೀವೇ ಕೊಡಬಹುದು. ತಿದ್ದಿದ ಫೋಟೊ, ನಕಲಿ ಖಾತೆಯ ದೂರು ಬಂದರೆ 24 ಗಂಟೆಯೊಳಗೆ ಕ್ರಮ ತಗೊಳ್ಳಬೇಕು ಎಂದು 2021ರಲ್ಲೇ ನಿಯಮ ಬಂದಿತ್ತು, 2026ರ ಫೆಬ್ರವರಿಯಲ್ಲಿ ಆ ಗಡುವನ್ನು ಎರಡು ಗಂಟೆಗೆ ಇಳಿಸಲಾಯಿತು. ಸೈಬರ್ ಕ್ರೈಮ್ ಪೋರ್ಟಲ್‌ನಲ್ಲೂ ದೂರು ದಾಖಲಿಸಿ. ದಾರಿ ಗೊತ್ತಾಗದಿದ್ದರೆ 1930ಕ್ಕೆ ಕರೆ ಮಾಡಿ.

ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೆ ಹೋದಾಗ ಒಂದು ಮಾತು ಮರೆಯದೆ ಹೇಳಿ: 'ಸರ್, ಆ ಖಾತೆಯ ದಾಖಲೆ ಅಳಿಸದೆ ಉಳಿಸಿಕೊಳ್ಳಿ ಅಂತ ಕಂಪನಿಗೆ ಇವತ್ತೇ ಬರೀರಿ.' ಅಳಿಸಿದ ಖಾತೆಯ ನೋಂದಣಿ ವಿವರವನ್ನು ಕಂಪನಿ 180 ದಿನ ಇಟ್ಟುಕೊಳ್ಳಬೇಕು ಎಂಬ ನಿಯಮವೇನೋ ಇದೆ. ಆದರೆ ನೆಟ್‌ವರ್ಕ್ ಕಂಪನಿಯ ಐಪಿ ದಾಖಲೆಯೂ ಕೈಗೆ ಸಿಕ್ಕರೆ ಮಾತ್ರ ಆ ಖಾತೆಯ ಹಿಂದೆ ಇರುವವನ ಮನೆ ತಲುಪಲು ಆಗುವುದು. ದೂರಿನ ಸ್ವೀಕೃತಿ ತಗೊಳ್ಳದೆ ಠಾಣೆಯಿಂದ ಎದ್ದು ಬರಬೇಡಿ.