ಸಂಪಾದಕರ ಉತ್ತರ: "ನನ್ನ ಮುಖ ನನ್ನದೇ ಥರ ಕಾಣಬೇಕು"

ಈ ಸಲ ಹಾಸನ ಜಿಲ್ಲೆಯ ಹೈಸ್ಕೂಲ್ ಟೀಚರ್ ಒಬ್ಬರ ಪತ್ರಕ್ಕೆ ಪೂರ್ತಿ ಪುಟಗಳನ್ನು ಕೊಡುತ್ತಿದ್ದೇನೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇಷ್ಟು:

"ನನಗೆ 47 ವರ್ಷ. ಸಕ್ಕರೆ ಕಾಯಿಲೆ ಬಂತು ಅಂತ ಎರಡು ವರ್ಷದಲ್ಲಿ 14 ಕಿಲೋ ಇಳಿಸಿದೆ. ಸಕ್ಕರೆ ಹತೋಟಿಗೆ ಬಂತು, ಮುಖ ಮಾತ್ರ ಬತ್ತಿಹೋಯಿತು. ಕೆನ್ನೆ ಒಳಗೆ ಹೋಗಿದೆ, ಕಣ್ಣಿನ ಕೆಳಗೆ ಕಪ್ಪು. ಸ್ಟಾಫ್ ರೂಮಿನಲ್ಲಿ ದಿನಾ ಒಬ್ಬರಾದರೂ 'ಹುಷಾರಿಲ್ವಾ ಮೇಡಂ?' ಅಂತ ಕೇಳುತ್ತಾರೆ. ಮಾಘದಲ್ಲಿ ಮಗಳ ಮದುವೆ, ಇನ್ನು ಐದು ತಿಂಗಳಿದೆ. ಬತ್ತಿದ ಜಾಗ ತುಂಬಿಸೋ ಇಂಜೆಕ್ಷನ್ ಇದೆಯಲ್ಲ, ಫಿಲ್ಲರ್, ಅದನ್ನು ಹಾಕಿಸಿಕೊಳ್ಳೋಣ ಅನಿಸುತ್ತೆ. ಆದರೆ ಟಿವಿಯಲ್ಲಿ ಕೆಲವರ ಊದಿದ ಕೆನ್ನೆ, ತುಟಿ ನೋಡಿದರೆ ಭಯ. ನಮ್ಮೂರ ಪಾರ್ಲರ್‌ನಲ್ಲಿ ಸೂಜಿಯೇ ಇಲ್ಲದೆ ಪೆನ್ನಿನಲ್ಲಿ ಹಾಕ್ತೀವಿ, ಅರ್ಧ ರೇಟು ಅಂತಾರೆ. ನಮ್ಮ ಅತ್ತಿಗೆ, 'ಮಗಳ ಮದುವೇಲಿ ಅಮ್ಮನಿಗ್ಯಾಕೆ ಶೋಕಿ' ಅಂದುಬಿಟ್ಟರು. ನಾನು ಆಸೆಪಡೋದು ತಪ್ಪಾ? ಹಾಕಿಸಿಕೊಂಡಿದ್ದು ಗೊತ್ತಾಗದ ಹಾಗೆ ಹಾಕಿಸಿಕೊಳ್ಳೋಕೆ ಆಗುತ್ತಾ?"

ಟೀಚರ್, ತಪ್ಪಲ್ಲ. ನರೆತ ಕೂದಲಿಗೆ ಬಣ್ಣ ಹಚ್ಚಿಕೊಂಡರೆ ಯಾರೂ ಶೋಕಿ ಅನ್ನೋದಿಲ್ಲ. ಹುಷಾರಾಗಿರುವ ಮನುಷ್ಯರನ್ನು ದಿನಾ 'ಹುಷಾರಿಲ್ವಾ' ಅಂತ ಕೇಳಿದರೆ ಬೇಜಾರಾಗುತ್ತೆ. ಕಷ್ಟಪಟ್ಟು ಸಕ್ಕರೆ ಹತೋಟಿಗೆ ತಂದಿದ್ದೀರಿ, ಆ ಖುಷಿ ಕನ್ನಡಿಯಲ್ಲೂ ಕಾಣಲಿ ಅನ್ನೋದು ನ್ಯಾಯವಾದ ಆಸೆ. ಗೊತ್ತಾಗದ ಹಾಗೆ ಹಾಕಿಸಿಕೊಳ್ಳೋದೂ ಸಾಧ್ಯ. ಆದರೆ ಅದು ಸಿರಿಂಜ್ ಒಳಗಿರುವ ಮದ್ದಿನಿಂದ ಬರೋದಿಲ್ಲ, ಸಿರಿಂಜ್ ಹಿಡಿದವರ ಕಣ್ಣಿನಿಂದ ಬರುತ್ತೆ. ಇದನ್ನು ನಾನು ಪೆಟ್ಟು ತಿಂದು ಕಲಿತೆ.

ಆರು ವರ್ಷದ ಹಿಂದೆ ಕಣ್ಣಿನ ಕೆಳಗಿನ ಕಪ್ಪಿಗೆ ಅಂತ ನಾನೂ ಫಿಲ್ಲರ್ ಹಾಕಿಸಿಕೊಂಡೆ. ಕ್ಲಿನಿಕ್ ಯಾವುದು ಅನ್ನೋದು ಇಲ್ಲಿ ಬೇಡ. ಒಳಗೆ ಹೋದ ಕೂಡಲೇ ಮಲಗಿಸಿದರು. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಕೂರಿಸಿ ನೋಡಲಿಲ್ಲ, ಈ ಕಪ್ಪು ಯಾಕೆ ಬಂತು ಅಂತ ಕೇಳಲಿಲ್ಲ. ಎರಡು ವಾರ ಕಳೆದ ಮೇಲೆ ಕಣ್ಣಿನ ಕೆಳಗೆ ನೀಲಿ ಛಾಯೆಯ ಎರಡು ಉಬ್ಬು. ಬೆಳಿಗ್ಗೆ ಎದ್ದಾಗ ಇನ್ನೂ ಜಾಸ್ತಿ. ನಮ್ಮ ತಾಯಿ, "ಯಾಕೆ ಮಗಾ, ಅತ್ತಿದ್ದೀಯಾ?" ಅಂದರು. ಆ ಮಾತಿಗೆ ನಿಜವಾಗಿಯೂ ಅಳು ಬಂತು. ತಾನಾಗಿ ಇಳಿಯುತ್ತೆ ಅಂತ ಒಂದು ವರ್ಷ ಕಾದೆ. ಇಳಿಯಲಿಲ್ಲ.

ಆಮೇಲೆ ಹೋದ ಡಾಕ್ಟರ್ ಕೈಗೆ ಕನ್ನಡಿ ಕೊಟ್ಟರು. "ಮೇಲಿನ ಲೈಟ್ ನೋಡಿ, ಮುಖ ಪೂರ್ತಿ ಎತ್ತಿ" ಅಂದರು. ಎತ್ತಿದೆ. ಕಪ್ಪು ಹಾಗೇ ಇತ್ತು. ಬೆರಳಿನಿಂದ ಕಣ್ಣಿನ ಕೆಳಗಿನ ಚರ್ಮವನ್ನು ಮೆಲ್ಲಗೆ ಪಕ್ಕಕ್ಕೆ ಎಳೆದರು. ಆಗಲೂ ಹಾಗೇ ಇತ್ತು. "ಗುಳಿಯ ನೆರಳಾಗಿದ್ದರೆ ಬೆಳಕು ಬಿದ್ದಾಗ ಹೋಗಬೇಕಿತ್ತು. ಇದು ಚರ್ಮದ ಬಣ್ಣ. ಬಣ್ಣಕ್ಕೆ ಫಿಲ್ಲರ್ ಹಾಕಿ ಏನು ಉಪಯೋಗ?" ಅಂದರು. ಹಳೆಯದನ್ನು ಕರಗಿಸೋಕೆ ಇಂಜೆಕ್ಷನ್ ಕೊಟ್ಟರು. ಮಾರನೇ ದಿನಕ್ಕೆ ಉಬ್ಬು ಇಳಿದಿತ್ತು.

ಆದ್ದರಿಂದ ಮೊದಲು ನೀವೂ ಕನ್ನಡಿ ತೆಗೆದುಕೊಳ್ಳಿ. ಮುಖ ಎತ್ತಿದಾಗ ಕಪ್ಪು ಕಡಿಮೆಯಾದರೆ ಅದರಲ್ಲಿ ಗುಳಿಯ ಪಾಲಿದೆ. ಹಾಗೇ ಉಳಿದರೆ ಬಣ್ಣದ್ದೇ ಜಾಸ್ತಿ. ನಮ್ಮ ಮೈಬಣ್ಣದವರಲ್ಲಿ ಬಣ್ಣದ ಪಾಲು ಸಾಮಾನ್ಯ. ಎರಡೂ ಸೇರಿರಬಹುದು, ಅದನ್ನು ಡಾಕ್ಟರ್ ನೋಡಿಯೇ ಹೇಳಬೇಕು.

ಫಿಲ್ಲರ್ ಅಂದರೆ ಏನು ಅಂತಲೂ ಸ್ವಲ್ಪ ಹೇಳುತ್ತೇನೆ, ಭಯ ಅರ್ಧ ಅದರಿಂದಲೇ ಇಳಿಯುತ್ತೆ. ಈಗ ಹೆಚ್ಚಾಗಿ ಹಾಕೋದು ಹೈಲುರಾನಿಕ್ ಆ್ಯಸಿಡ್ ಜೆಲ್. ಹೆಸರಲ್ಲಿ ಆ್ಯಸಿಡ್ ಇದ್ದರೂ ಸುಡುವಂಥದ್ದಲ್ಲ, ನಮ್ಮ ಮೈಯಲ್ಲೇ ಇರುವ ವಸ್ತು. ಎಪ್ಪತ್ತು ಕಿಲೋ ತೂಕದ ದೇಹದಲ್ಲಿ ಸುಮಾರು 15 ಗ್ರಾಂ ಇರುತ್ತೆ. ನೀರು ಹಿಡಿದಿಡೋದು ಅದರ ಕೆಲಸ. 1934ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಇದನ್ನು ಹಸುವಿನ ಕಣ್ಣಿನೊಳಗಿನ ಲೋಳೆಯಿಂದ ಬೇರ್ಪಡಿಸಿದರು. ಮಾಂಸಾಹಾರ ಮುಟ್ಟದ ಓದುಗರು ಇದನ್ನು ಓದಿ ಗಾಬರಿಯಾಗಬೇಡಿ. ಈಗಿನ ಜೆಲ್‌ಗಳನ್ನು ಹೆಚ್ಚಾಗಿ ಬ್ಯಾಕ್ಟೀರಿಯಾಗಳ ಹುದುಗುವಿಕೆಯಿಂದ ತಯಾರಿಸುತ್ತಾರೆ. ಸುಮ್ನೆ ಚುಚ್ಚಿದರೆ ದೇಹ ಇದನ್ನು ಕೆಲವೇ ದಿನದಲ್ಲಿ ಕರಗಿಸಿಬಿಡುತ್ತೆ. ಅದಕ್ಕೇ ಎಳೆಗಳನ್ನು ಒಂದಕ್ಕೊಂದು ಗಂಟುಹಾಕಿ ಗಟ್ಟಿ ಜೆಲ್ ಮಾಡಿರುತ್ತಾರೆ. ಸಾಮಾನ್ಯವಾಗಿ ಆರು ತಿಂಗಳಿನಿಂದ ಒಂದೂವರೆ ವರ್ಷ ಪರಿಣಾಮ ಕಾಣುತ್ತೆ. ಕಣ್ಣಿನ ಕೆಳಗೆ ಹಾಕಿದ್ದು ಕೆಲವರಲ್ಲಿ ಇನ್ನೂ ಜಾಸ್ತಿ ದಿನ ಉಳಿದಿರೋದನ್ನು ಎಂ.ಆರ್.ಐ.ನಲ್ಲಿ ನೋಡಿದ್ದಾರೆ. ನನ್ನದೂ ವರ್ಷವಾದರೂ ಇಳಿದಿರಲಿಲ್ಲ.

ಇದರ ಮೊದಲಿನ ಕಥೆ ಚೆನ್ನಾಗಿಲ್ಲ. ನೂರಿಪ್ಪತ್ತು ವರ್ಷದ ಹಿಂದೆ ಯುರೋಪಿನಲ್ಲಿ ಪ್ಯಾರಾಫಿನ್ ಮೇಣವನ್ನೇ ಕರಗಿಸಿ ಮುಖಕ್ಕೆ ಚುಚ್ಚುತ್ತಿದ್ದರು. ಅದು ಗಡ್ಡೆಗಟ್ಟಿ ಎಷ್ಟೋ ಜನರ ಮುಖ ಹಾಳಾಯಿತು. 1981ರಲ್ಲಿ ಅಮೆರಿಕದಲ್ಲಿ ಚರ್ಮಕ್ಕೆ ಬಿಗಿ ಕೊಡುವ ಪ್ರೋಟೀನಾದ ಹಸುವಿನ ಕೊಲಾಜೆನ್‌ಗೆ ಅನುಮತಿ ಸಿಕ್ಕಿತು. ಅಲರ್ಜಿ ಆಗುತ್ತಾ ಅಂತ ಮೊದಲು ಕೈಗೆ ಚುಚ್ಚಿ ವಾರಗಟ್ಟಲೆ ಕಾಯಬೇಕಿತ್ತು. ಹೈಲುರಾನಿಕ್ ಜೆಲ್‌ಗೆ ಅಲ್ಲಿ ಅನುಮತಿ ಸಿಕ್ಕಿದ್ದು 2003ರಲ್ಲಿ. ಅದರ ದೊಡ್ಡ ಗುಣ, ಎಡವಟ್ಟಾದರೆ ಕರಗಿಸಬಹುದು. ಕರಗಿಸುವ ಮದ್ದಿನ ಹೆಸರು ಹೈಲುರಾನಿಡೇಸ್. ಕ್ಯಾಲ್ಸಿಯಂ ಇರುವ ಫಿಲ್ಲರ್‌ಗಳು, ಪಾಲಿಲ್ಯಾಕ್ಟಿಕ್ ಆ್ಯಸಿಡ್ ಇಂಜೆಕ್ಷನ್‌ಗಳೂ ಇವೆ. ಪಳಗಿದವರ ಕೈಯಲ್ಲಿ ಅವೂ ಒಳ್ಳೆಯವೇ, ಆದರೆ ಈ ಮದ್ದಿಗೆ ಕರಗೋದಿಲ್ಲ. ಮೊದಲ ಸಲ ಹಾಕಿಸಿಕೊಳ್ಳುವವರು ಕರಗುವಂಥದ್ದನ್ನೇ ಕೇಳಿ ಅನ್ನೋದು ನನ್ನ ಅಭಿಪ್ರಾಯ. 'ಪರ್ಮನೆಂಟ್' ಅಂತ ಯಾರಾದರೂ ಆಸೆ ತೋರಿಸಿದರೆ ಎದ್ದು ಬನ್ನಿ. ಮುಖ ಬದಲಾಗುತ್ತಾ ಹೋಗುತ್ತೆ, ಹಾಕಿದ್ದು ಮಾತ್ರ ಇದ್ದಲ್ಲೇ ಇರುತ್ತೆ.

ಇನ್ನು ನಿಮ್ಮ ಮುಖ್ಯ ಭಯ, ಊದಿದ ಮುಖ. ನಮ್ಮ ಮುಖದ ಕೊಬ್ಬು ಒಂದೇ ಹಾಸಿಗೆಯ ಥರ ಇರೋದಿಲ್ಲ. ಪುಟ್ಟ ಪುಟ್ಟ ದಿಂಬುಗಳ ಥರ ಬೇರೆ ಬೇರೆ ಇರುತ್ತೆ. ವಯಸ್ಸಾದಂತೆ, ತೂಕ ಇಳಿದಂತೆ ಕೆಲವು ದಿಂಬು ಬತ್ತುತ್ತವೆ, ಕೆಲವು ಕೆಳಗೆ ಜಾರುತ್ತವೆ. ಒಳಗಿನ ಮೂಳೆಯೂ ಸವೆಯುತ್ತೆ, ಕಣ್ಣಿನ ಗೂಡು ಅಗಲವಾಗುತ್ತೆ. ಕೆನ್ನೆಯ ಮೇಲ್ಭಾಗ ಬತ್ತಿದಾಗ ಅದರ ಭಾರ ಕೆಳಗೆ ಬಂದು ಮೂಗಿನ ಪಕ್ಕದ ಗೆರೆ ಆಳವಾಗುತ್ತೆ. ನಮಗೆ ಕಾಣೋದು ಗೆರೆ, ಕಾರಣ ಮೇಲಿದೆ. ಕಾರಣ ಬಿಟ್ಟು ಗೆರೆಗೇ ತುಂಬುತ್ತಾ ಹೋದರೆ ಬಾಯಿಯ ಸುತ್ತ ದಪ್ಪ ಆಗುತ್ತೆ. ಜೋತ ಚರ್ಮವನ್ನು ತುಂಬಿಯೇ ಎತ್ತುತ್ತೇನೆ ಅಂತ ಹೊರಟರೂ ಅಷ್ಟೇ. ಚರ್ಮ ಜೋತಿದ್ದಕ್ಕೆ ಫಿಲ್ಲರ್ ಮದ್ದಲ್ಲ. ಹಳೆಯದು ಇನ್ನೂ ಇರುವಾಗಲೇ ಮತ್ತೆ ಮತ್ತೆ ಹಾಕಿಸಿಕೊಂಡರೆ, ನಕ್ಕಾಗ ಕೆನ್ನೆ ಮೇಲೆದ್ದು ಕಣ್ಣು ಮುಚ್ಚಿಹೋಗುತ್ತೆ. ನೀವು ಟಿವಿಯಲ್ಲಿ ನೋಡಿ ಹೆದರಿದ್ದು ಇದನ್ನೇ. ಸಾರಿಗೆ ಉಪ್ಪು ಹಾಕಿದ ಹಾಗೆ ಇದು. ಕಡಿಮೆಯಾದರೆ ಒಂದು ಚಿಟಿಕೆ ಹಾಕಬಹುದು.

ಹೋದ ವರ್ಷ ನಮ್ಮ ಅಕ್ಕನ ಜೊತೆ ನಾನೇ ಹೋಗಿದ್ದೆ. ಅವಳದ್ದೂ ನಿಮ್ಮಂತೆಯೇ ಬತ್ತಿದ ಕೆನ್ನೆ. ಆ ಡಾಕ್ಟರ್ ಮೊದಲ ದಿನ ಸೂಜಿ ಮುಟ್ಟಲೇ ಇಲ್ಲ. ಹತ್ತು ವರ್ಷದ ಹಿಂದಿನ ಫೋಟೊ ತನ್ನಿ ಅಂದರು. ಎರಡನೇ ಸಲ ನೆಟ್ಟಗೆ ಕೂರಿಸಿ, ನಗಿಸಿ, ಮಾತಾಡಿಸಿ, ಬಿಳಿ ಪೆನ್ಸಿಲ್‌ನಲ್ಲಿ ಗುರುತು ಹಾಕಿದರು. ಅಕ್ಕನ ಎಡಗೆನ್ನೆ ಬಲಗೆನ್ನೆಗಿಂತ ಚಪ್ಪಟೆ ಅಂತ ಆಗಲೇ ನಮಗೆ ಗೊತ್ತಾಗಿದ್ದು, ಅವಳು ಯಾವಾಗಲೂ ಎಡಕ್ಕೇ ಮಲಗೋದು. ಒಂದು ಸಿರಿಂಜ್ ತೆಗೆದರು. ಅದರಲ್ಲಿರೋದು 1 ಮಿಲಿಲೀಟರ್, ಅಂದರೆ ಟೀ ಚಮಚದ ಐದನೇ ಒಂದು ಪಾಲು. ಅದನ್ನೇ ಎರಡೂ ಕಡೆಗೆ ಹಂಚಿದರು, ಎಡಕ್ಕೆ ಒಂದು ಹನಿ ಜಾಸ್ತಿ, ಎಲ್ಲವೂ ಕೆನ್ನೆ ಮೂಳೆಯ ಹತ್ತಿರ. ನಡುವೆ ಮೂರು ಸಲ ನಿಲ್ಲಿಸಿ, ದೂರ ನಿಂತು ನೋಡಿದರು. ಮೂಗಿನ ಪಕ್ಕದ ಗೆರೆಯನ್ನು ಮುಟ್ಟಲೇ ಇಲ್ಲ, ಆದರೂ ಅದು ಸ್ವಲ್ಪ ಸಡಿಲವಾಯಿತು. ಅಕ್ಕ ಇನ್ನೊಂದು ಸಿರಿಂಜ್ ಹಾಕಿ ಅಂದಳು. "ಒಂದು ತಿಂಗಳು ಬಿಟ್ಟು ಬನ್ನಿ, ಬೇಕಾದರೆ ನೋಡೋಣ" ಅಂದರು. ತಿಂಗಳು ಬಿಟ್ಟು ಹೋದಾಗ, "ಸಾಕು" ಅಂದರು. ಆ "ಸಾಕು" ಹೇಳಬಲ್ಲ ಡಾಕ್ಟರನ್ನು ಹುಡುಕಿ, ಟೀಚರ್. ಮನೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಭಾವ ಮಾತ್ರ, "ಈಗ ಚೆನ್ನಾಗಿ ನಿದ್ದೆ ಬರುತ್ತಾ?" ಅಂತ ಕೇಳಿದರಂತೆ.

ಪಾರ್ಲರ್ ಪೆನ್ನಿನ ವಿಷಯಕ್ಕೆ ಬರುತ್ತೇನೆ. ದಯವಿಟ್ಟು ಬೇಡ. ಆ ಪೆನ್ನು ಜೆಲ್ಲನ್ನು ಒತ್ತಡದಿಂದ ಚರ್ಮದೊಳಕ್ಕೆ ನೂಕುತ್ತೆ. ಎಷ್ಟು ಆಳಕ್ಕೆ ಹೋಯಿತು, ಎಲ್ಲಿ ಕೂತಿತು ಅನ್ನೋದು ಹಿಡಿದವರ ಕೈಯಲ್ಲಿ ಇರೋದಿಲ್ಲ. ಇಂಥ ಪೆನ್ನು ಬಳಸಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲೇ ಎಚ್ಚರಿಕೆ ಕೊಟ್ಟಿದೆ. ಫಿಲ್ಲರ್‌ನಲ್ಲಿ ನಿಜವಾಗಿ ಹೆದರಬೇಕಾದ್ದು ಊದಿದ ಮುಖಕ್ಕಲ್ಲ, ರಕ್ತನಾಳಕ್ಕೆ. ಜೆಲ್ ರಕ್ತನಾಳದೊಳಗೆ ಹೋದರೆ ರಕ್ತದ ಓಟ ನಿಲ್ಲುತ್ತೆ, ಆ ಭಾಗದ ಚರ್ಮ ಸಾಯಬಹುದು. ಕಣ್ಣಿನ ರಕ್ತನಾಳಕ್ಕೆ ಸೇರಿದರೆ ದೃಷ್ಟಿಯೇ ಹೋಗಬಹುದು. ತುಂಬಾ ಅಪರೂಪ, ಆದರೆ ಆಗಿದೆ. ಹುಬ್ಬುಗಳ ನಡುವೆ ಮತ್ತು ಮೂಗಿನ ಮೇಲೆ ಅಪಾಯ ಜಾಸ್ತಿ. ಚುಚ್ಚಿದ ಜಾಗ ಇದ್ದಕ್ಕಿದ್ದಂತೆ ಬಿಳಿಚಿದರೆ, ಬಲೆಯಂಥ ನೀಲಿ ಕಲೆ ಎದ್ದರೆ, ನೋವು ಇಳಿಯದೆ ಏರುತ್ತಾ ಹೋದರೆ ಬೆಳಗಾಗಲಿ ಅಂತ ಕಾಯಬೇಡಿ, ಆಗಲೇ ಡಾಕ್ಟರಿಗೆ ಫೋನ್ ಮಾಡಿ. ಕಣ್ಣು ಮಂಜಾದರೆ ಒಂದು ನಿಮಿಷವೂ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಹಾಗಾಗಿ ಹಾಕಿಸಿಕೊಳ್ಳುವ ಮೊದಲೇ ಕೇಳಿ: ಹೈಲುರಾನಿಡೇಸ್ ಇಲ್ಲಿ ಇದೆಯಾ? ರಾತ್ರಿ ಏನಾದರೂ ಆದರೆ ಯಾವ ನಂಬರ್‌ಗೆ ಫೋನ್ ಮಾಡಲಿ? ಒಳ್ಳೆಯ ಡಾಕ್ಟರಿಗೆ ಈ ಪ್ರಶ್ನೆಯಿಂದ ಕೋಪ ಬರೋದಿಲ್ಲ.

ಯಾರ ಹತ್ತಿರ ಹೋಗೋದು? ಚರ್ಮರೋಗದಲ್ಲಿ ಎಂ.ಡಿ., ಡಿ.ಎನ್.ಬಿ. ಅಥವಾ ಡಿ.ವಿ.ಡಿ. ಮಾಡಿದವರು, ಇಲ್ಲವೇ ಪ್ಲಾಸ್ಟಿಕ್ ಸರ್ಜನ್. ಅವರ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಬಹುದು. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ (ಕೆಪಿಎಂಇ) ನೋಂದಣಿ ಆಗಿರಬೇಕು, ಆ ಸರ್ಟಿಫಿಕೇಟ್ ಎದುರಿಗೇ ಕಾಣಬೇಕು. ಸಿರಿಂಜ್ ಡಬ್ಬಿಯನ್ನು ನಿಮ್ಮ ಕಣ್ಣೆದುರೇ ಒಡೆಯಲಿ. ಅದರೊಳಗೆ ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ಇರುತ್ತೆ, ಒಂದನ್ನು ನಿಮ್ಮ ಚೀಟಿಗೆ ಅಂಟಿಸಿಕೊಳ್ಳಿ. ಒಬ್ಬರಿಗೆ ಹಾಕಿ ಉಳಿದಿದ್ದನ್ನು ಇನ್ನೊಬ್ಬರಿಗೆ ಹಾಕೋದಂತೂ ಕೂಡದು. ಅರ್ಧ ರೇಟು ಅಂದಾಗ ನನಗೆ ಮೊದಲು ಬರುವ ಅನುಮಾನ ಅದೇ. ಒಂದು ಸಿರಿಂಜ್‌ಗೆ ಹತ್ತಾರು ಸಾವಿರ ಆಗುತ್ತೆ. ಮದುವೆ ಖರ್ಚಿನ ನಡುವೆ ಇದಕ್ಕೆ ಸಾಲ ಮಾಡಬೇಡಿ, ಆರು ಸಿರಿಂಜ್ ಪ್ಯಾಕೇಜಿಗೂ ಒಪ್ಪಬೇಡಿ.

ಅದಕ್ಕೂ ಮೊದಲು ಎರಡು ಕೆಲಸ ಮಾಡಿ. ಹಿಮೋಗ್ಲೋಬಿನ್, ಥೈರಾಯ್ಡ್, ಮೂರು ತಿಂಗಳ ಸಕ್ಕರೆ ಸರಾಸರಿ ಚೆಕ್ ಮಾಡಿಸಿ. 'ಹುಷಾರಿಲ್ವಾ' ಅಂತ ಕೇಳುವವರಿಗೆ ಕಾಣುತ್ತಿರೋದು ರಕ್ತಹೀನತೆಯೂ ಇರಬಹುದು. ಸಕ್ಕರೆ ಜಾಸ್ತಿ ಇದ್ದಾಗ ಚುಚ್ಚಿಸಿಕೊಂಡರೆ ಸೋಂಕಿನ ಅಪಾಯ ಹೆಚ್ಚು. ದವಡೆ ಹಲ್ಲು ಕೀಳಿಸಿ ಹಾಗೇ ಬಿಟ್ಟಿದ್ದರೆ ಮೊದಲು ಹಲ್ಲಿನ ಡಾಕ್ಟರನ್ನು ನೋಡಿ. ಹಲ್ಲಿನ ಆಸರೆ ತಪ್ಪಿದರೂ ಕೆನ್ನೆ ಒಳಗೆ ಹೋಗುತ್ತೆ. ಹಲ್ಲಿನ ಕೆಲಸಕ್ಕೂ ಫಿಲ್ಲರ್‌ಗೂ ನಡುವೆ ಎರಡು ವಾರವಾದರೂ ಬಿಡುವಿರಲಿ. ತೂಕ ಇನ್ನೂ ಇಳಿಯುತ್ತಿದ್ದರೆ ಅದು ಒಂದು ಕಡೆ ನಿಲ್ಲುವವರೆಗೂ ಕಾಯಿರಿ.

ಐದು ತಿಂಗಳಿದೆ, ಸಾಕಷ್ಟು ಸಮಯ. ಹಾಕಿಸಿಕೊಳ್ಳೋದಾದರೆ ಮದುವೆಗೆ ಎರಡು ತಿಂಗಳು ಮುಂಚೆಯೇ ಮುಗಿಸಿ. ಊತ, ನೀಲಿಗಟ್ಟಿದ ಕಲೆ ಹೋಗೋಕೆ ಎರಡು ವಾರ ಬೇಕು. ನಮ್ಮ ಚರ್ಮದಲ್ಲಿ ಸೂಜಿ ತಾಗಿದ ಜಾಗ ಕಪ್ಪಾಗಿ ಉಳಿಯೋದೂ ಉಂಟು, ಅದಕ್ಕೆ ಬಿಸಿಲಿಗೆ ಹೋಗುವಾಗ ಸನ್‌ಸ್ಕ್ರೀನ್ ತಪ್ಪಿಸಬೇಡಿ. ನೀವು ನುಂಗುವ ಮಾತ್ರೆಗಳನ್ನೆಲ್ಲ ಡಾಕ್ಟರಿಗೆ ತೋರಿಸಿ. ಹೃದಯಕ್ಕೆ ಅಂತ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ, ಕೊಟ್ಟ ಡಾಕ್ಟರನ್ನು ಕೇಳದೆ ನೀವಾಗಿ ನಿಲ್ಲಿಸಬೇಡಿ. ಹಾಕಿಸಿಕೊಂಡ ಮೇಲೆ ಎರಡು ವಾರ ಫೇಶಿಯಲ್ ಬೇಡ, ಮಸಾಜ್ ಬೇಡ. ಅರಿಶಿನ ಶಾಸ್ತ್ರದ ದಿನ ನಂಟರು ಹುರುಪಿನಲ್ಲಿ ಕೆನ್ನೆ ತಿಕ್ಕುತ್ತಾರಲ್ವಾ, ಎರಡು ತಿಂಗಳು ಮೊದಲೇ ಮುಗಿಸಿದ್ದರೆ ಅದರ ಚಿಂತೆಯೂ ಇರೋದಿಲ್ಲ.

ಡಾಕ್ಟರ್ ಹತ್ತಿರ ಮೇಕಪ್ ಇಲ್ಲದೆ ಹೋಗಿ. ಸಕ್ಕರೆ ಕಾಯಿಲೆ ಬರೋದಕ್ಕೂ ಮುಂಚಿನ ಎರಡು ಫೋಟೊ ತೆಗೆದುಕೊಂಡು ಹೋಗಿ, ಒಂದು ನಗುತ್ತಿರೋದು, ಒಂದು ಸುಮ್ನೆ ಕೂತಿರೋದು. ಸಿನಿಮಾ ನಟಿಯರ ಫೋಟೊ ಬೇಡ. ಆ ಎರಡರಲ್ಲಿ ಒಂದು ಮಗಳ ಜೊತೆ ತೆಗೆಸಿಕೊಂಡಿದ್ದು ಇರಲಿ, ನೀವು ನಿಜವಾಗಿ ನಕ್ಕಿರೋದು ಅಂಥದ್ದರಲ್ಲೇ ಇರುತ್ತೆ. ಅವರು ಏನಂದರು ಅಂತ ನನಗೆ ಬರೆಯಿರಿ, ಮದುವೆಗೆ ಮುಂಚೆಯೇ.